ರಂಗದ ಮಾತು, ತೆರೆಯ ಮೌನ

ಪ್ರಸಿದ್ಧ ನಾಟಕವೊಂದು ಚಲನಚಿತ್ರವಾಗಿ ಬಂದಾಗ ಎರಡು ಬಗೆಯ ತೀರ್ಪುಗಳು ಬಹು ಬೇಗನೆ ಹೊರಬೀಳುತ್ತವೆ. ನಾಟಕದಲ್ಲಿದ್ದುದು ಇದರಲ್ಲಿಲ್ಲ ಎಂಬುದು ನಾಟಕವನ್ನು ಬಲ್ಲವರ ಮಾತು. ಎಷ್ಟು ಚೆನ್ನಾಗಿ ತೆಗೆದಿದ್ದಾರೆ ಎಂಬುದು ನಾಟಕವನ್ನು ಅರಿಯದವರ ಮಾತು. ಎರಡೂ ಅವಸರದ ತೀರ್ಪುಗಳೇ. ಮೊದಲನೆಯದು ಚಿತ್ರವನ್ನು ನಾಟಕದ ನಕಲೆಂದು ಭಾವಿಸುತ್ತದೆ. ಎರಡನೆಯದು ಚಿತ್ರಕ್ಕೆ ತಾಯಿಬೇರೊಂದು ಇದೆಯೆಂಬುದನ್ನೇ ಮರೆಯುತ್ತದೆ. ಅದರಲ್ಲಿಯೂ ಮೂಲ ನಾಟಕವು ಐತಿಹಾಸಿಕವಾದುದಾದರೆ ವಿಮರ್ಶಕನ ಕೆಲಸ ಮತ್ತಷ್ಟು ಕಠಿಣ. ಅಲ್ಲಿ ಚಿತ್ರಕ್ಕೆ ನಾಟಕದ ಋಣವಿದೆ, ನಾಟಕಕ್ಕೆ ಚರಿತ್ರೆಯ ಋಣವಿದೆ. ಈ ಎರಡು ಋಣಗಳ ಲೆಕ್ಕವನ್ನು ನೋಡದೆ ಕೇವಲ ಕಣ್ಣಿಗೆ ಹಿತವಾಯಿತು, ಕಿವಿಗೆ ಇಂಪಾಯಿತು ಎಂದರೆ ಅದು ವಿಮರ್ಶೆಯಾಗಲಾರದು.

ಈ ವಿಚಾರವನ್ನು ಬರಿಯ ತತ್ತ್ವವಾಗಿ ಹೇಳುವುದಕ್ಕಿಂತ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ನೋಡುವುದು ಮೇಲು. ಆಂಗ್ಲ ನಾಟಕಕಾರ ರಾಬರ್ಟ್ ಬೋಲ್ಟ್ ರಚಿಸಿದ 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ಎಂಬ ನಾಟಕವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. 'ಎಲ್ಲ ಋತುಗಳಿಗೂ ಸಲ್ಲುವ ಮನುಷ್ಯ' ಎಂದು ಅದರ ಹೆಸರನ್ನು ಅರ್ಥೈಸಬಹುದು. 1960ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಅದು ಮೊದಲು ಪ್ರಯೋಗಗೊಂಡಿತು; ಮರುವರ್ಷ ನ್ಯೂಯಾರ್ಕಿಗೆ ಹೋಯಿತು. 1966ರಲ್ಲಿ ಫ್ರೆಡ್ ಝಿನ್ನೆಮನ್ ಎಂಬ ನಿರ್ದೇಶಕ ಅದನ್ನು ಚಲನಚಿತ್ರವಾಗಿಸಿದ. ಚಿತ್ರಕಥೆಯನ್ನು ಬರೆದವನೂ ಬೋಲ್ಟನೇ. ಲಂಡನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ನಾಯಕನ ಪಾತ್ರವನ್ನು ವಹಿಸಿದ್ದ ಪಾಲ್ ಸ್ಕೋಫೀಲ್ಡನೇ ತೆರೆಯ ಮೇಲೂ ನಾಯಕ. ಅತ್ಯುತ್ತಮ ಚಿತ್ರ, ನಿರ್ದೇಶನ, ನಟನೆ ಮುಂತಾಗಿ ಆರು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಸಂದವು. ನಾಟಕವನ್ನು ಬರೆದ ಕೈಯೇ ಚಿತ್ರವನ್ನೂ ಬರೆದಿರುವುದರಿಂದ, ಅರಿಯದವರು ಕೆಡಿಸಿದರೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲ. ಆದುದರಿಂದಲೇ ಉಳಿದದ್ದೇನು, ಅಳಿದದ್ದೇನು ಎಂಬುದನ್ನು ತೂಗಿ ನೋಡಲು ಇದು ಯೋಗ್ಯವಾದ ನಿದರ್ಶನ.

ಮೊದಲು ಚರಿತ್ರೆ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಗೆ ಪಟ್ಟದರಸಿ ಕ್ಯಾಥರೀನಳಲ್ಲಿ ಬದುಕಿ ಉಳಿದ ಗಂಡುಸಂತಾನವಿರಲಿಲ್ಲ. ಆ್ಯನ್ ಬೊಲಿನ್ ಎಂಬವಳನ್ನು ವರಿಸಬೇಕೆಂಬ ಬಯಕೆ ಬೇರೆ. ಮೊದಲ ಮದುವೆ ಅಸಿಂಧುವೆಂದು ಸಾರಲು ರೋಮಿನ ಪೋಪ್ ಒಪ್ಪಲಿಲ್ಲ. ದೊರೆ ಪೋಪನ ಅಧಿಕಾರವನ್ನೇ ತಳ್ಳಿಹಾಕಿ, ತನ್ನ ರಾಜ್ಯದ ಚರ್ಚಿಗೆ ತಾನೇ ಒಡೆಯನೆಂದು ಘೋಷಿಸಿಕೊಂಡ. ಸರ್ ಥಾಮಸ್ ಮೋರ್ ಆ ಕಾಲದ ಮಹಾವಿದ್ವಾಂಸ. 1478ರಲ್ಲಿ ಜನಿಸಿದವನು, 1516ರಲ್ಲಿ ಪ್ರಕಟವಾದ 'ಯುಟೋಪಿಯ' ಗ್ರಂಥದ ಕರ್ತೃ. 1529ರಲ್ಲಿ ಅವನು ರಾಜ್ಯದ ಚಾನ್ಸಲರ್ ಪದವಿಗೇರಿದ. ದೊರೆಯ ನಡೆಯನ್ನು ಒಪ್ಪಲಾಗದೆ 1532ರಲ್ಲಿ ಅದನ್ನು ತ್ಯಜಿಸಿ ಮನೆಗೆ ಬಂದ. 1534ರಲ್ಲಿ ಹೊಸ ಉತ್ತರಾಧಿಕಾರದ ಶಾಸನಕ್ಕೆ ಪ್ರಜೆಗಳು ಪ್ರಮಾಣಮಾಡಬೇಕೆಂಬ ಆಜ್ಞೆಯಾಯಿತು. ಮೋರ್ ಪ್ರಮಾಣಮಾಡಲಿಲ್ಲ, ಏಕೆ ಮಾಡುವುದಿಲ್ಲವೆಂಬುದನ್ನೂ ಹೇಳಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಲಂಡನ್ನಿನ ಕೋಟೆಯ ಸೆರೆಯಲ್ಲಿದ್ದು, 1535ರ ಜುಲೈ 1ರಂದು ವಿಚಾರಣೆಗೆ ನಿಂತು, ಜುಲೈ 6ರಂದು ಶಿರಚ್ಛೇದಕ್ಕೆ ತಲೆಯೊಡ್ಡಿದ.

ಇಲ್ಲಿ ವಾಚಕರು ಮುಖ್ಯವಾಗಿ ಮನಗಾಣಬೇಕಾದುದು ಆ ಮೌನವನ್ನು. ಮೋರ್ ಸಾವನ್ನು ಬಯಸಿ ಹೋದವನಲ್ಲ. ಅವನು ನುರಿತ ನ್ಯಾಯವಾದಿ. ಬಾಯಿಬಿಟ್ಟು ನಿರಾಕರಿಸಿದವನನ್ನು ಮಾತ್ರ ರಾಜದ್ರೋಹಿಯೆಂದು ದಂಡಿಸಬಹುದು, ಸುಮ್ಮನಿದ್ದವನನ್ನು ದಂಡಿಸಲಾಗದೆಂಬುದು ಅವನ ನೆಲೆ. ಮೌನವು ಸಮ್ಮತಿಯ ಲಕ್ಷಣವೆಂದು ನಮ್ಮಲ್ಲಿ ಹೇಳುವಂತೆಯೇ ಲ್ಯಾಟಿನ್ ನ್ಯಾಯಶಾಸ್ತ್ರದಲ್ಲಿಯೂ ಒಂದು ಸೂತ್ರವಿದೆ. ಅದನ್ನೇ ಅವನು ಗುರಾಣಿಯಾಗಿ ಹಿಡಿದ. ಆದರೆ ಇಡೀ ರಾಜ್ಯಕ್ಕೆ ಅವನ ಮೌನದ ಅರ್ಥ ಗೊತ್ತಿತ್ತು. ಕೊನೆಗೆ ರಿಚರ್ಡ್ ರಿಚ್ ಎಂಬ ಅಧಿಕಾರಿ ನ್ಯಾಯಸ್ಥಾನದಲ್ಲಿ ನಿಂತು, ಸೆರೆಮನೆಯಲ್ಲಿ ಮೋರ್ ತನ್ನೊಡನೆ ಬಾಯಿಬಿಟ್ಟನೆಂದು ಸಾಕ್ಷಿ ನುಡಿದ. ಒಬ್ಬನು ಆಣೆಗೆ ಅಂಜಿ ಸುಮ್ಮನಿದ್ದ. ಮತ್ತೊಬ್ಬನು ಆಣೆಯಿಟ್ಟೇ ಅವನ ತಲೆ ತೆಗೆಸಿದ. ನಾಟಕದ ಜೀವಾಳ ಇದೇ.

ಬೋಲ್ಟ್ ಈ ಕಥೆಯನ್ನು ರಂಗಕ್ಕೆ ತಂದಾಗ ಒಂದು ಅಪೂರ್ವವಾದ ಪಾತ್ರವನ್ನು ಸೃಷ್ಟಿಸಿದ. ಅದರ ಹೆಸರು 'ಕಾಮನ್ ಮ್ಯಾನ್', ಅಂದರೆ ಸಾಮಾನ್ಯ ಮನುಷ್ಯ. ನಾಟಕದ ಆರಂಭದಲ್ಲಿ ಅವನು ಒಬ್ಬನೇ ಬಂದು ಸಭಿಕರೊಡನೆ ನೇರವಾಗಿ ಮಾತನಾಡುತ್ತಾನೆ. ಅವನ ಬಳಿ ಉಡುಪುಗಳ ಒಂದು ಬುಟ್ಟಿ. ಅದರಿಂದ ಒಂದೊಂದು ಟೊಪ್ಪಿಗೆಯನ್ನೂ ಅಂಗಿಯನ್ನೂ ತೆಗೆದು ತೊಟ್ಟು, ಒಮ್ಮೆ ಮೋರನ ಮನೆಯ ಕಾರಭಾರಿಯಾಗುತ್ತಾನೆ, ಒಮ್ಮೆ ಅಂಬಿಗನಾಗುತ್ತಾನೆ, ಮತ್ತೊಮ್ಮೆ ಹೆಂಡದಂಗಡಿಯವನು, ಆಮೇಲೆ ಸೆರೆಮನೆಯ ಕಾವಲುಗಾರ, ಆಮೇಲೆ ನ್ಯಾಯದರ್ಶಿಗಳ ಮುಖಂಡ, ಕಟ್ಟಕಡೆಗೆ ಕೊಡಲಿ ಹಿಡಿದ ಕೊಲೆಗಾರ. ಸಂಸ್ಕೃತ ನಾಟಕದ ಸೂತ್ರಧಾರನನ್ನೂ ನಮ್ಮ ದೊಡ್ಡಾಟದ ಸಾರಥಿಯನ್ನೂ ಬಲ್ಲ ಕನ್ನಡ ಸಹೃದಯರಿಗೆ ಈ ತಂತ್ರ ಹೊಸದೆನಿಸದು. ಜರ್ಮನ್ ನಾಟಕಕಾರ ಬ್ರೆಖ್ಟನ ರೀತಿಯನ್ನು ತಾನು ತನ್ನದೇ ಬಗೆಯಲ್ಲಿ ಬಳಸಿಕೊಂಡೆನೆಂದು ಬೋಲ್ಟ್ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ.

ಆದರೆ ಸೂತ್ರಧಾರನಿಗೂ ಇವನಿಗೂ ಒಂದು ಭೇದವಿದೆ. ಸೂತ್ರಧಾರ ಕಥೆಯನ್ನು ತೆರೆದು ಕೊಟ್ಟು ಸರಿಯುತ್ತಾನೆ; ಇವನು ಸರಿಯುವುದಿಲ್ಲ. ಪ್ರತಿಯೊಂದು ಅನ್ಯಾಯದ ಹೆಜ್ಜೆಯಲ್ಲಿಯೂ ಒಂದು ಸಣ್ಣ ಕೂಲಿ ಪಡೆದು ಒಂದು ಸಣ್ಣ ಕೆಲಸ ಮಾಡಿಕೊಡುತ್ತಾನೆ. ಅವನಲ್ಲಿ ದುಷ್ಟತನವಿಲ್ಲ, ಮೋರನ ಮೇಲೆ ಅವನಿಗೆ ಪ್ರೀತಿಯೂ ಇದೆ. ಆದರೆ ಹೆಂಡಿರು ಮಕ್ಕಳಿದ್ದಾರೆ, ಮೇಲಿನವರ ಭಯವಿದೆ, ತನ್ನ ಪಾಡು ತನಗೆ. ಹೀಗೆಂದುಕೊಂಡೇ ಅವನು ಕೊಡಲಿಯವರೆಗೆ ಬರುತ್ತಾನೆ. ವಿಚಾರಣೆಯ ದೃಶ್ಯದಲ್ಲಿ ಕಂಬಗಳಿಗೆ ಸಿಕ್ಕಿಸಿದ ಬರಿಯ ಟೊಪ್ಪಿಗೆಗಳೇ ನ್ಯಾಯದರ್ಶಿಗಳು. ಟೊಪ್ಪಿಗೆಯ ಕೆಳಗೆ ತಲೆಯೇ ಇಲ್ಲವೆಂಬ ಈ ಒಂದು ರಂಗಸಂಜ್ಞೆ ಹತ್ತು ಭಾಷಣಗಳಿಗೆ ಸಮ. ಸೆರೆಮನೆಯ ಕಾವಲುಗಾರನಾಗಿದ್ದಾಗ ಅವನು ಕಾಲವನ್ನು ಮೀರಿ ಮುಂದಿನ ಚರಿತ್ರೆಯನ್ನು ಓದಿ ಹೇಳುತ್ತಾನೆ: ಮೋರನನ್ನು ಬೇಟೆಯಾಡಿದ ಥಾಮಸ್ ಕ್ರಾಮ್‌ವೆಲ್ 1540ರಲ್ಲಿ ತಾನೇ ಶಿರಚ್ಛೇದಕ್ಕೊಳಗಾದ, ಆರ್ಚ್‌ಬಿಷಪ್ ಕ್ರಾನ್ಮರನನ್ನು 1556ರಲ್ಲಿ ಜೀವಂತ ಸುಟ್ಟರು, ಸುಳ್ಳುಸಾಕ್ಷಿ ನುಡಿದ ರಿಚ್ ಮಾತ್ರ ಚಾನ್ಸಲರನಾಗಿ, ಮುಪ್ಪಿನಲ್ಲಿ ಹಾಸಿಗೆಯ ಮೇಲೆ ಸುಖವಾಗಿ ಸತ್ತ. ಇಷ್ಟು ಹೇಳಿ, ತಾನೂ ಹಾಗೆಯೇ ಹಾಸಿಗೆಯ ಮೇಲೆ ಸತ್ತವನೆಂದೂ, ಸಭಿಕರಿಗೂ ಅಂಥ ಮರಣವೇ ಬರಲೆಂದೂ ಹಾರೈಸುತ್ತಾನೆ. ಆ ಹಾರೈಕೆಯನ್ನು ಕೇಳಿದ ಸಭಿಕನು ನಕ್ಕರೂ ನಗು ಗಂಟಲಲ್ಲಿಯೇ ನಿಲ್ಲುತ್ತದೆ.

ಚಲನಚಿತ್ರದಲ್ಲಿ ಈ ಸಾಮಾನ್ಯ ಮನುಷ್ಯನೇ ಇಲ್ಲ. ಅವನನ್ನು ಒಡೆದು ಹಂಚಿಬಿಟ್ಟಿದ್ದಾರೆ. ಕಾರಭಾರಿಗೆ ಒಬ್ಬ ನಟ, ಅಂಬಿಗನಿಗೆ ಒಬ್ಬ, ಕಾವಲುಗಾರನಿಗೆ ಇನ್ನೊಬ್ಬ. ವಿಚಿತ್ರವೆಂದರೆ, ಲಂಡನ್ನಿನ ಮೊದಲ ಪ್ರಯೋಗದಲ್ಲಿ ಸಾಮಾನ್ಯ ಮನುಷ್ಯನಾಗಿದ್ದ ಲಿಯೋ ಮೆಕರ್ನ್ ಎಂಬ ನಟನೇ ಚಿತ್ರದಲ್ಲಿ ಕ್ರಾಮ್‌ವೆಲ್. ಮುಂದೆ ಯಾರಾರಿಗೆ ಏನೇನಾಯಿತೆಂಬ ಒಕ್ಕಣೆಯೂ ಚಿತ್ರದಲ್ಲಿ ಉಳಿದಿದೆ. ಆದರೆ ಅದು ಕೊಡಲಿ ಬಿದ್ದಾದ ಮೇಲೆ, ತೆರೆಯ ಹಿಂದಿನ ಒಂದು ಧ್ವನಿಯಾಗಿ ಕೇಳಿಬರುತ್ತದೆ. ನಮ್ಮನ್ನು ಉದ್ದೇಶಿಸಿದ ಹಾರೈಕೆ ಅಲ್ಲಿಲ್ಲ. ಮಾಹಿತಿ ಉಳಿಯಿತು, ಮೊನೆ ಹೋಯಿತು.

ಇಷ್ಟರಿಂದಲೇ ಚಿತ್ರ ಸೋತಿತೆಂದು ತೀರ್ಪು ಕೊಡುವುದು ಅನ್ಯಾಯವಾದೀತು. ತೆರೆಗೆ ತನ್ನದೇ ಆದ ಭಾಷೆಯಿದೆ. ಅದರಲ್ಲಿ ಝಿನ್ನೆಮನ್ ಗಳಿಸಿಕೊಟ್ಟದ್ದು ಅಲ್ಪವಲ್ಲ. ನಾಟಕದ ಮಾತುಗಳಲ್ಲಿ ನೀರಿನ, ಸಮುದ್ರದ ರೂಪಕಗಳು ಉದ್ದಕ್ಕೂ ಹರಡಿವೆ. ನೆಲವೆಂದರೆ ಸಮಾಜ, ಕಾನೂನು, ಮನುಷ್ಯ ಕಟ್ಟಿಕೊಂಡ ಆಸರೆ. ನೀರೆಂದರೆ ಮನುಷ್ಯನ ಅಳತೆಗೆ ಸಿಕ್ಕದ ಅಪಾರ. ಆಣೆಯಿಡುವಾಗ ಮನುಷ್ಯ ತನ್ನನ್ನು ತಾನೇ ಬೊಗಸೆಯ ನೀರಿನಂತೆ ಹಿಡಿದಿರುತ್ತಾನೆಂಬ ಭಾವ ಬರುವ ಒಂದು ಸಂಭಾಷಣೆಯೂ ಅಲ್ಲಿದೆ. ರಂಗದಲ್ಲಿ ಇವೆಲ್ಲ ಕಿವಿಯ ಸೊತ್ತು. ಚಿತ್ರದಲ್ಲಿ ನದಿಯೇ ಒಂದು ಪಾತ್ರವಾಗಿ ಹರಿಯುತ್ತದೆ. ಕಥೆ ಆರಂಭವಾಗುವುದೇ ದೋಣಿಯಲ್ಲಿ. ಮೋರನಿಗೆ ಕರೆ ಬರುವುದು ನೀರಿನ ಮೇಲೆ, ರಾತ್ರಿಯಲ್ಲಿ ಅಂಬಿಗರು ಸಿಕ್ಕದಂತಾಗಿ ಅವನ ಬೀಳುಗಾಲ ತೋರುವುದೂ ದಡದ ಮೇಲೆ.

ದೊರೆ ಮೋರನ ಮನೆಗೆ ಬರುವ ಪ್ರಸಂಗವನ್ನು ನೋಡಿರಿ. ನಾವೆಯಿಂದ ಜಿಗಿದ ಹೆನ್ರಿಯ ಕಾಲು ಕೆಸರಿನಲ್ಲಿ ಹೂಳುತ್ತದೆ. ಒಂದು ಕ್ಷಣ ಎಲ್ಲರ ಉಸಿರೂ ನಿಲ್ಲುತ್ತದೆ. ದೊರೆ ಸಿಟ್ಟಾಗುವನೋ ನಗುವನೋ ತಿಳಿಯದು. ಅವನು ಗಹಗಹಿಸಿ ನಗುತ್ತಾನೆ. ಒಡನೆಯೇ ಆಸ್ಥಾನಿಕರೆಲ್ಲ ನಗುತ್ತ, ತಮ್ಮ ರೇಷ್ಮೆಯ ಉಡುಪುಗಳೊಡನೆ ಕೆಸರಿಗೆ ಧುಮುಕುತ್ತಾರೆ. ಒಂದೂ ಮಾತಿಲ್ಲದೆ ಒಂದು ಅರಮನೆಯ ಸ್ವಭಾವವೆಲ್ಲ ಇಲ್ಲಿ ಬಯಲಾಗುತ್ತದೆ. ಅಂತೆಯೇ ಕಾರ್ಡಿನಲ್ ವೂಲ್ಸಿಯ ಕೋಣೆ: ಕೆಂಪು ನಿಲುವಂಗಿಯ ಭಾರೀ ದೇಹದ ಆರ್ಸನ್ ವೆಲ್ಸ್, ಅದೇ ಕೆಂಪಿನ ಗೋಡೆಗಳ ಇಕ್ಕಟ್ಟಾದ ಕೋಣೆಯಲ್ಲಿ, ಅಧಿಕಾರವೇ ಮೈತಳೆದು ಜಾಗವನ್ನೆಲ್ಲ ತುಂಬಿಕೊಂಡಂತೆ ಕುಳಿತಿದ್ದಾನೆ. ಸೆರೆಮನೆಯ ಕಿಟಕಿಯಲ್ಲಿ ಋತುಗಳು ಒಂದರ ಹಿಂದೊಂದು ಬದಲಾಗುತ್ತವೆ. ಒಳಗಿನ ಮನುಷ್ಯ ಬದಲಾಗುವುದಿಲ್ಲ. ಶೀರ್ಷಿಕೆಯ ಅರ್ಥವನ್ನು ಆ ಕಿಟಕಿಯೊಂದೇ ಹೇಳಿಬಿಡುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಸ್ಕೋಫೀಲ್ಡನ ಮುಖ. ರಂಗದ ಮೇಲೆ ಮೌನವನ್ನೂ ಹಿಂದಿನ ಸಾಲಿನವರೆಗೆ ಮುಟ್ಟಿಸಬೇಕಾಗುತ್ತದೆ. ಆದುದರಿಂದ ಅದಕ್ಕೂ ತುಸು ಸದ್ದು ಬೇಕು. ಕ್ಯಾಮೆರಾ ಹತ್ತಿರ ಹೋಗಿ ನಿಂತಾಗ ಮೌನಕ್ಕೆ ಸದ್ದಿನ ಅಗತ್ಯವಿಲ್ಲ. ಪ್ರಶ್ನೆ ಬಿದ್ದೊಡನೆ ಆ ಕಣ್ಣುಗಳಲ್ಲಿ ಉತ್ತರ ಮೂಡುವುದನ್ನೂ, ಅದು ತುಟಿಯವರೆಗೆ ಬಂದು ಹಿಂದಿರುಗುವುದನ್ನೂ ನಾವು ಕಾಣುತ್ತೇವೆ. ಮೌನವೇ ಕಥಾವಸ್ತುವಾದ ನಾಟಕಕ್ಕೆ ತೆರೆಯು ಸಲ್ಲಿಸಿದ ದೊಡ್ಡ ಸೇವೆ ಇದು.

ಮನೆಮಂದಿಯೊಡನೆ ಕುಳಿತು ನೋಡುವವರು ಗಮನಿಸಬೇಕಾದ ಇನ್ನೊಂದು ದೃಶ್ಯವಿದೆ. ಮೋರನ ಹೆಂಡತಿ ಆಲಿಸ್, ಮಗಳು ಮಾರ್ಗರೆಟ್, ಅಳಿಯ ರೋಪರ್ ಸೆರೆಮನೆಗೆ ಬರುತ್ತಾರೆ. ಆಲಿಸ್ ವಿದ್ಯಾವತಿಯಲ್ಲ, ಗಂಡನ ಧರ್ಮಸೂಕ್ಷ್ಮ ಅವಳಿಗೆ ತಿಳಿಯದು. ಅವಳು ಕೈಯಾರೆ ಮಾಡಿ ತಂದ ಸಿಹಿಯನ್ನು ಅವನು ಹೊಗಳುತ್ತಾನೆ, ಉಡುಪನ್ನು ಹೊಗಳುತ್ತಾನೆ. ಅವಳಿಗೆ ಆ ಹೊಗಳಿಕೆ ಉರಿಯಂತೆ ಸುಡುತ್ತದೆ. ನೀನು ಹೋದ ಮೇಲೆ ನಿನ್ನನ್ನು ದ್ವೇಷಿಸಿಬಿಡುವೆನೋ ಎಂಬ ಅಂಜಿಕೆಯನ್ನು ಅವಳು ಹೊರಹಾಕುತ್ತಾಳೆ. ನಿಷ್ಠೆಯ ಬೆಲೆಯನ್ನು ನಿಷ್ಠಾವಂತನೊಬ್ಬನೇ ತೆರುವುದಿಲ್ಲ, ಅವನ ಒಲೆಯ ಮುಂದೆ ಕುಳಿತವರೂ ತೆರುತ್ತಾರೆಂಬ ಈ ಸತ್ಯವನ್ನು ನಾಟಕವೂ ಚಿತ್ರವೂ ಮರೆಮಾಚಿಲ್ಲ. ವೆಂಡಿ ಹಿಲ್ಲರ್ ಆ ಪಾತ್ರವನ್ನು ಒಂದು ಹನಿ ಕಣ್ಣೀರೂ ಹೆಚ್ಚಾಗದಂತೆ ನಿರ್ವಹಿಸಿದ್ದಾಳೆ.

ಇನ್ನು ಎರಡನೆಯ ಋಣ, ಚರಿತ್ರೆಯದು. ನಾಟಕಕಾರನಿಗೆ ಕಥೆಯನ್ನು ಸಂಕ್ಷೇಪಿಸುವ ಸ್ವಾತಂತ್ರ್ಯವಿದೆ. ಮೋರನಿಗೆ ಮೂವರು ಹೆಣ್ಣುಮಕ್ಕಳೂ ಒಬ್ಬ ಮಗನೂ ಇದ್ದರು. ನಾಟಕದಲ್ಲಿ ಮಾರ್ಗರೆಟ್ ಒಬ್ಬಳೇ ಇದ್ದಾಳೆ. ಇದು ದೋಷವಲ್ಲ. ಆದರೆ ಮತ್ತೊಂದು ಸಂಗತಿ ಅಷ್ಟು ಹಗುರವಲ್ಲ. ಮೋರ್ ಚಾನ್ಸಲರನಾಗಿದ್ದ ಅವಧಿಯಲ್ಲಿ ಆರು ಮಂದಿಯನ್ನು ಮತಭ್ರಷ್ಟರೆಂದು ಸುಡಲಾಯಿತು; ಅಂಥ ಶಿಕ್ಷೆಯನ್ನು ಅವನು ತನ್ನ ಬರಹಗಳಲ್ಲಿ ಸಮರ್ಥಿಸಿದ್ದ. ನಾಟಕದ ಮೋರ್, ಸೈತಾನನಿಗೂ ಕಾನೂನಿನ ರಕ್ಷಣೆ ದೊರೆಯಬೇಕೆಂದು ಅಳಿಯನೊಡನೆ ವಾದಿಸುತ್ತಾನೆ. ಚರಿತ್ರೆಯ ಮೋರನಲ್ಲಿ ಬೇರೆಯವರ ಅಂತಃಸಾಕ್ಷಿಯ ಬಗ್ಗೆ ಅಂತಹ ಔದಾರ್ಯವಿರಲಿಲ್ಲ. ಬೋಲ್ಟ್ ತಾನು ಕ್ರೈಸ್ತಶ್ರದ್ಧೆಯುಳ್ಳವನಲ್ಲವೆಂದು ಪೀಠಿಕೆಯಲ್ಲಿಯೇ ಹೇಳಿದ್ದಾನೆ. ಅವನಿಗೆ ಬೇಕಾಗಿದ್ದುದು ತನ್ನತನವನ್ನು ಮಾರಿಕೊಳ್ಳದ ಒಬ್ಬ ಮನುಷ್ಯ. ಚರಿತ್ರೆಯ ಮೋರನಿಗಾದರೋ ಅಂತಃಸಾಕ್ಷಿಯೆಂದರೆ ತನ್ನೊಬ್ಬನ ಅಭಿಪ್ರಾಯವಲ್ಲ, ಇಡೀ ಕ್ರೈಸ್ತಲೋಕವು ನಂಬಿ ಬಂದ ಸತ್ಯಕ್ಕೆ ತಲೆಬಾಗುವುದು. ಇಪ್ಪತ್ತನೆಯ ಶತಮಾನದ ವ್ಯಕ್ತಿನಿಷ್ಠೆಯನ್ನು ಹದಿನಾರನೆಯ ಶತಮಾನದ ಭಕ್ತನಿಗೆ ತೊಡಿಸಲಾಗಿದೆ. ಚಿತ್ರವೂ ಈ ಉಡುಪನ್ನು ಹಾಗೆಯೇ ಉಳಿಸಿಕೊಂಡಿದೆ.

ಇದಕ್ಕೆ ಪ್ರತಿಕ್ರಿಯೆಯೋ ಎಂಬಂತೆ 2009ರಲ್ಲಿ ಹಿಲರಿ ಮ್ಯಾಂಟೆಲ್ ಎಂಬ ಲೇಖಕಿ 'ವುಲ್ಫ್ ಹಾಲ್' ಎಂಬ ಕಾದಂಬರಿಯನ್ನು ಬರೆದಳು. ಬೂಕರ್ ಪ್ರಶಸ್ತಿ ಪಡೆದ ಆ ಕೃತಿಯಲ್ಲಿ ಕ್ರಾಮ್‌ವೆಲ್ ಸಹಾನುಭೂತಿಗೆ ಪಾತ್ರನಾಗಿ, ಮೋರ್ ನಿಷ್ಠುರನಾಗಿ ಕಾಣಿಸಿಕೊಳ್ಳುತ್ತಾನೆ. ಒಂದು ಕೃತಿ ಮುಚ್ಚಿದ್ದನ್ನು ಮತ್ತೊಂದು ತೆರೆಯಿತು. ಅದರಿಂದ ಮೋರನ ಕೊನೆಯ ದಿನಗಳ ಧೈರ್ಯ ಸುಳ್ಳಾಗುವುದಿಲ್ಲ. ಅವನ ಅಧಿಕಾರದ ದಿನಗಳ ಕಾಠಿಣ್ಯವೂ ಅಳಿಸಿಹೋಗುವುದಿಲ್ಲ. ಮಹಾಪುರುಷನೊಬ್ಬನಲ್ಲಿ ಎರಡೂ ಒಟ್ಟಿಗಿರಬಲ್ಲವು. 1935ರಲ್ಲಿ ರೋಮಿನ ಚರ್ಚು ಅವನನ್ನು ಸಂತನೆಂದು ಸಾರಿತು. ಸಂತನ ಕಥೆಯನ್ನು ಓದುವವನು ಸುಟ್ಟವರ ಕಥೆಯನ್ನೂ ತಿಳಿದಿರಬೇಕು. ಐತಿಹಾಸಿಕ ಚಿತ್ರವನ್ನು ನೋಡಿದ ಮಕ್ಕಳು ಇದೇ ಚರಿತ್ರೆಯೆಂದು ನಂಬಿಬಿಡುವ ಕಾಲವಿದು. ಚಿತ್ರ ಮುಗಿದ ಮೇಲೆ ಒಂದು ಚರಿತ್ರೆಯ ಪುಸ್ತಕವನ್ನು ಅವರ ಕೈಗಿಡುವುದು ಹಿರಿಯರ ಕರ್ತವ್ಯ.

ಕೃತಿಕಾರನ ಬದುಕಿನ ಒಂದು ಪ್ರಸಂಗವನ್ನು ಇಲ್ಲಿ ಹೇಳದಿರಲಾಗದು. 1961ರಲ್ಲಿ ಅಣ್ವಸ್ತ್ರವಿರೋಧಿ ಚಳವಳಿಯಲ್ಲಿ ಭಾಗವಹಿಸಿ, ಸದ್ವರ್ತನೆಯ ಮುಚ್ಚಳಿಕೆ ಬರೆದುಕೊಡಲು ನಿರಾಕರಿಸಿದ ಬೋಲ್ಟನಿಗೆ ಒಂದು ತಿಂಗಳ ಸೆರೆಯಾಯಿತು. ಆಗ ಅವನು 'ಲಾರೆನ್ಸ್ ಆಫ್ ಅರೇಬಿಯ' ಚಿತ್ರದ ಬರವಣಿಗೆಯ ನಡುವೆ ಇದ್ದ. ಕೆಲಸ ನಿಂತುಹೋಗುತ್ತದೆ, ನೂರಾರು ಜನರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ನಿರ್ಮಾಪಕ ಒತ್ತಾಯಿಸಿದ. ಬೋಲ್ಟ್ ಅವಧಿಗೆ ಮುಂಚೆಯೇ ಸಹಿ ಹಾಕಿ ಹೊರಬಂದ. ಸಹಿ ಹಾಕದವನ ಕಥೆಯನ್ನು ಬರೆದ ಕೈ ಸಹಿ ಹಾಕಿತ್ತು. ಆ ನೋವು ಅವನನ್ನು ಬಹುಕಾಲ ಕಾಡಿತು. ಇದನ್ನು ನಾನು ಅವನನ್ನು ಹಳಿಯಲೆಂದು ಹೇಳುತ್ತಿಲ್ಲ. ತನ್ನ ನಾಟಕದ ಸಾಮಾನ್ಯ ಮನುಷ್ಯ ಹೊರಗಿನವನಲ್ಲ, ಎಲ್ಲರಲ್ಲಿಯೂ ಸಮಾನವಾಗಿ ನೆಲೆಸಿರುವವನೆಂದು ಬೋಲ್ಟ್ ಪೀಠಿಕೆಯಲ್ಲಿ ವಿವರಿಸಿದ್ದ. ಆ ಮಾತಿನ ಸತ್ಯವನ್ನು ಅವನ ಬದುಕೇ ಪರೀಕ್ಷಿಸಿ ನೋಡಿತು.

ಈಗ ಚಿತ್ರದ ಕೊರತೆಯೇನೆಂಬುದು ಸ್ಪಷ್ಟವಾಗುತ್ತದೆ. ಸಾಮಾನ್ಯ ಮನುಷ್ಯನನ್ನು ತೆಗೆದುಹಾಕಿದಾಗ ಹೋದದ್ದು ಒಂದು ಪಾತ್ರವಷ್ಟೇ ಅಲ್ಲ; ನೋಡುವವರಾದ ನಾವೇ ಆ ಕಥೆಯಿಂದ ಹೊರಗೆ ಬಿದ್ದೆವು. ರಂಗಮಂದಿರದಲ್ಲಿ ಕುಳಿತವನು ಅಂಬಿಗನ ಟೊಪ್ಪಿಗೆಯನ್ನೂ ಕಾವಲುಗಾರನ ಟೊಪ್ಪಿಗೆಯನ್ನೂ ತನ್ನ ತಲೆಯ ಮೇಲೆ ಒಮ್ಮೆಯಾದರೂ ಇಟ್ಟು ನೋಡಬೇಕಾಗುತ್ತದೆ. ಚಿತ್ರಮಂದಿರದಲ್ಲಿ ಕುಳಿತವನು ನಿಶ್ಚಿಂತೆಯಾಗಿ ಮೋರನ ಪಕ್ಷದಲ್ಲಿರುತ್ತಾನೆ. ಮೋರನಿಗೆ ಮನಸ್ಸಿನಲ್ಲಿಯೇ ಒಂದು ಹಾರ ಹಾಕಿ, ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾನೆ. ಹಾರ ಹಾಕುವುದು ಸುಲಭ. ಸತ್ಪುರುಷರನ್ನು ಪೂಜಿಸಿ, ಅವರ ಹಾದಿಯಿಂದ ಪಾರಾಗುವ ಈ ಜಾಣತನ ಯಾವ ದೇಶಕ್ಕೂ ಯಾವ ಸಮಾಜಕ್ಕೂ ಹೊಸದಲ್ಲ. ಜಯಂತಿಗಳನ್ನು ಅದ್ದೂರಿಯಾಗಿ ಆಚರಿಸುವ ನಾವು ಇದನ್ನು ಇತರರಿಗಿಂತ ಚೆನ್ನಾಗಿ ಬಲ್ಲೆವು.

1988ರಲ್ಲಿ ಚಾರ್ಲ್‌ಟನ್ ಹೆಸ್ಟನ್ ಎಂಬ ನಟ ತಾನೇ ನಿರ್ದೇಶಿಸಿ, ತಾನೇ ಮೋರನಾಗಿ, ದೂರದರ್ಶನಕ್ಕಾಗಿ ಇದೇ ನಾಟಕವನ್ನು ಮತ್ತೊಮ್ಮೆ ತೆರೆಗೆ ತಂದ. ಸಾಮಾನ್ಯ ಮನುಷ್ಯ ಅದರಲ್ಲಿ ಮರಳಿ ಬಂದಿದ್ದಾನೆ. ರಾಯ್ ಕಿನ್ನಿಯರ್ ಆ ಪಾತ್ರವನ್ನು ವಹಿಸಿದ್ದಾನೆ. ಹಾಗೆಂದು ಅದು ಝಿನ್ನೆಮನ್ನನ ಚಿತ್ರವನ್ನು ಮೀರಿಸಲಿಲ್ಲ. ಮೂಲವನ್ನು ಹೆಚ್ಚು ಉಳಿಸಿಕೊಂಡುದು ಹೆಚ್ಚು ಒಳ್ಳೆಯ ಚಿತ್ರವಾಗುತ್ತದೆಂಬ ನಿಯಮವಿಲ್ಲ. ನಾಟಕದ ಅಕ್ಷರಕ್ಕೆ ನಿಷ್ಠವಾಗಿರುವುದು ಬೇರೆ, ಅದರ ಉಸಿರಿಗೆ ನಿಷ್ಠವಾಗಿರುವುದು ಬೇರೆ.

ಆದುದರಿಂದ ನನ್ನ ತೀರ್ಪು ಹೀಗಿದೆ. 1966ರ ಚಿತ್ರ ಮೋರನಿಗೆ ನ್ಯಾಯ ಸಲ್ಲಿಸಿದೆ, ಅವನ ಮೌನಕ್ಕೆ ರಂಗಭೂಮಿಗಿಂತಲೂ ಮಿಗಿಲಾದ ನ್ಯಾಯ ಸಲ್ಲಿಸಿದೆ. ಚರಿತ್ರೆಗೆ ಅರ್ಧ ನ್ಯಾಯ ಸಲ್ಲಿಸಿದೆ. ಆ ಅರ್ಧವನ್ನು ಬಿಟ್ಟವನು ಚಿತ್ರಕಾರನಲ್ಲ, ನಾಟಕಕಾರ. ಪ್ರೇಕ್ಷಕನಿಗೆ ಮಾತ್ರ ಅದು ತುಸು ಹೆಚ್ಚೇ ದಯೆ ತೋರಿದೆ. ಆ ದಯೆಯನ್ನು ಒಪ್ಪಿಕೊಳ್ಳದಿರುವುದು ನಮ್ಮ ಕೈಯಲ್ಲಿದೆ.

ಇಂದು ಇಂತಹ ಚಿತ್ರಗಳನ್ನು ಮನೆಯಲ್ಲಿಯೇ ಕುಳಿತು ನೋಡುವ ಅನುಕೂಲವಿದೆ. ನೋಡಿದ ಮೇಲೆ ಮಕ್ಕಳು ಮೋರ್ ಎಷ್ಟು ದೊಡ್ಡವನು ಎಂದರೆ ಅಷ್ಟಕ್ಕೇ ಬಿಡಬೇಡಿರಿ. ಆ ಸಾಲು ಟೊಪ್ಪಿಗೆಗಳ ಕಥೆಯನ್ನು ಅವರಿಗೆ ಹೇಳಿರಿ. ಛಾಪಾ ಕಾಗದದ ಮೇಲೆ ಓದದೆಯೇ ಹಾಕುವ ಸಹಿ, ಹೊಲದ ಬದುವಿನ ವ್ಯಾಜ್ಯದಲ್ಲಿ ನೆಂಟನ ಪರವಾಗಿ ನುಡಿಯುವ ಸಾಕ್ಷಿ, ಕಚೇರಿಯಲ್ಲಿ ಮೇಲಧಿಕಾರಿಯ ಸುಳ್ಳಿಗೆ ಹಾಕುವ ತಲೆ, ಇವುಗಳಲ್ಲಿ ಯಾವುದಕ್ಕೂ ಕೊಡಲಿ ಬೇಕಾಗಿಲ್ಲ. ರಿಚರ್ಡ್ ರಿಚ್ ಕೂಡ ಆರಂಭಿಸಿದ್ದು ಒಂದು ಸಣ್ಣ ಉದ್ಯೋಗದ ಆಸೆಯಿಂದಲೇ. ಮೋರ್ ಅವನಿಗೆ ಶಾಲಾಶಿಕ್ಷಕನಾಗೆಂದು ಬುದ್ಧಿ ಹೇಳುವ ದೃಶ್ಯ ನಾಟಕದಲ್ಲಿಯೂ ಇದೆ, ಚಿತ್ರದಲ್ಲಿಯೂ ಇದೆ. ಅವನಿಗೆ ಅದು ತೀರ ಸಣ್ಣ ಕೆಲಸವೆನಿಸಿತು. ಆ ಒಂದು ದೃಶ್ಯವನ್ನು ಮಕ್ಕಳಿಗೆ ಇನ್ನೊಮ್ಮೆ ತೋರಿಸಿರಿ.